ಜಿಪ್ಸಿ ಕಿಂಗ್ ಟೈಮಿಂಗ್ ಬೆಲ್ಟ್: ಹೊಸ ಟೆನ್ಷನರ್ ಹಾಕಿದ್ಮೇಲೂ ಬೆಲ್ಟ್ ಲೂಸ್, ಏನ್ ಮಾಡ್ಲಿ?

ಮೂಡಿಗೆರೆ_ಜಿಪ್ಸಿ:
ಎಲ್ರಿಗೂ ನಮಸ್ಕಾರ. ನಮ್ಮನೇಲಿ 1998ರ ಮಾರುತಿ ಜಿಪ್ಸಿ ಕಿಂಗ್ ಜೀಪ್ ಇದೆ, ಕಾರ್ಬುರೇಟರ್ ಗಾಡಿ, ಅಪ್ಪ ತಗೊಂಡಿದ್ದು. ತೋಟದ ಗೊಬ್ಬರದ ಮೂಟೆ, ಕಾಫಿ ಚೀಲ ಎಲ್ಲಾ ಹೊತ್ತಿರೋ ಗಾಡಿ, ಅಪ್ಪ ಹೋದ್ಮೇಲೆ ಮಾರೋಕೆ ಮನಸ್ಸೇ ಬರ್ಲಿಲ್ಲ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎಂಜಿನ್ ಮುಂದ್ಗಡೆಯಿಂದ ಕುಯ್ಯ್ ಅಂತ ಸದ್ದು, ಐದು ನಿಮಿಷ ಬಿಸಿ ಆದ್ರೆ ನಿಲ್ತಿತ್ತು. ಗ್ಯಾರೇಜಲ್ಲಿ ಬಿಚ್ಚಿದಾಗ ಟೆನ್ಷನರ್ (ಎಂಜಿನ್ ವಾಲ್ವ್‌ಗಳನ್ನ ಹೊತ್ತಿಗೆ ಸರಿಯಾಗಿ ತೆರೆಸೋ ಟೈಮಿಂಗ್ ಬೆಲ್ಟನ್ನ ಬಿಗಿಯಾಗಿಡೋ ಪುಲ್ಲಿ) ಬೇರಿಂಗ್ ಹೋಗಿದೆ ಅಂದ್ರು, ಪೇಟೆ ಅಂಗಡಿಯಲ್ಲಿ ಜಿಪ್ಸಿ ಟೆನ್ಷನರ್ ಕೊಡಿ ಅಂತ ಕೇಳಿ ತಂದೆ, ಬೆಲ್ಟ್ ಸಮೇತ ಹೊಸದು ಹಾಕಿದ್ರು. 800 ಕಿಮೀ ಓಡಿಸಿರಬಹುದು ಅಷ್ಟೇ, ಈಗ ಐಡಲ್‌ನಲ್ಲಿ ಮುಂದಿನ ಕವರ್ ಒಳಗೆ ಟಪ್ ಟಪ್ ಅಂತ ಬಡಿಯೋ ಸದ್ದು. ಕವರ್ ತೆಗೆದು ನೋಡಿದ್ರೆ ಟೆನ್ಷನರ್ ಕಡೆ ಬೆಲ್ಟ್ ಸಡಿಲ, ಬೆರಳಲ್ಲಿ ಒತ್ತಿದ್ರೆ ಸುಮಾರು ಒಳಗೆ ಹೋಗತ್ತೆ. ಟೆನ್ಷನರ್ ಬಾಕ್ಸ್ ಮೇಲೆ ಬರೀ ಜಿಪ್ಸಿ ಅಂತಿದೆ, ನಂಬರ್ ಇಲ್ಲ. ಐಟಂ ತಪ್ಪೋ, ಹಾಕಿದ್ದು ತಪ್ಪೋ? ಸರಿಯಾದ್ದು ಎಲ್ಲಿ ಸಿಗತ್ತೆ?

ಹಳೇ_ಸುಜುಕಿ:
ಮೊದ್ಲು ಗಾಡಿ ನಿಲ್ಸಿ ಸರ್, ಹೀಗೇ ಓಡಿಸ್ಬೇಡಿ, ಬೆಲ್ಟ್ ಹಲ್ಲು ಜಿಗಿದ್ರೆ ಟೈಮಿಂಗ್ ಔಟ್ ಆಗಿ ತೋಟದ ಮಧ್ಯೆ ನಿಂತುಬಿಡತ್ತೆ. ಆರ್‌ಸಿ ನೋಡಿ ಎಂಜಿನ್ ನಂಬರ್‌ನ ಮೊದಲ ಅಕ್ಷರಗಳು ಹೇಳಿ, ಪೂರ್ತಿ ನಂಬರ್ ಇಲ್ಲಿ ಹಾಕ್ಬೇಡಿ. ಆಮೇಲೆ ಪುಲ್ಲಿ ಒಂದೇ ಬದಲಾಯ್ಸಿದ್ರಾ, ಅದ್ರ ಹಿಂದಿನ ಪ್ಲೇಟು, ಸ್ಪ್ರಿಂಗೂ ಹೊಸದಾ?

ಮೂಡಿಗೆರೆ_ಜಿಪ್ಸಿ:
ಜಿ13ಬಿಎ ಅಂತ ಶುರು ಆಗತ್ತೆ. ಪುಲ್ಲಿ ಮಾತ್ರ ಹೊಸದು ಸರ್, ಪ್ಲೇಟು ಸ್ಪ್ರಿಂಗು ಹಳೇವೇ. ಗಾಡಿ ಶೆಡ್ಡಲ್ಲಿ ನಿಲ್ಸಿದೀನಿ.

ಹಳೇ_ಸುಜುಕಿ:
ಹಾಗಿದ್ರೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಇದೇ ತೊಂದ್ರೆ ನಾನು ತುಂಬಾ ಗಾಡಿಗಳಲ್ಲಿ ನೋಡಿದೀನಿ.

ಜಿಪ್ಸಿ ಅನ್ನೋ ಹೆಸರು ಹೇಳಿ ಟೆನ್ಷನರ್ ಕೇಳೋದೇ ಮೊದಲ ತಪ್ಪು. 1985ರಲ್ಲಿ ಬಂದಾಗ ಇದಕ್ಕಿದ್ದಿದ್ದು 970 ಸಿಸಿಯ ಎಫ್10ಎ ಎಂಜಿನ್, 1996ರಲ್ಲಿ ಕಿಂಗ್ ಬಂದಾಗ 1298 ಸಿಸಿಯ ಎಂಟು ವಾಲ್ವ್‌ನ ಜಿ13ಬಿಎ ಬಂತು, 2000ದಲ್ಲಿ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್) ಆದಾಗ ಹದಿನಾರು ವಾಲ್ವ್‌ನ ಜಿ13ಬಿಬಿ. ಹೆಸರು ಒಂದು, ಎಂಜಿನ್ ಮೂರು. ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡ್ತಾರೆ, ನೋಡೋಕೆ ಎಲ್ಲಾ ಗುಂಡಗೇ ಇರತ್ತೆ. ಅದಕ್ಕೆ ಚಾಸಿಸ್ ನಂಬರ್ ಕೊಟ್ಟು ಕಂಪನಿ ಕೌಂಟರಲ್ಲಿ ಪಾರ್ಟ್ ನಂಬರ್ ತೆಗೆಸ್ಕೊಳ್ಳಿ. ಸುಜುಕಿ ನಂಬರಿನಲ್ಲಿ ಮೊದಲ ಐದಂಕಿ ಐಟಂ ಯಾವ್ದು ಅಂತ ಹೇಳತ್ತೆ, ಟೆನ್ಷನರ್ ಆದ್ರೆ 12810, ಬೆಲ್ಟ್ ಆದ್ರೆ 12761. ಅದರ ಮುಂದಿನ ಭಾಗ ಯಾವ ಮಾಡೆಲ್‌ದು ಅಂತ ಹೇಳೋದು, ಹೋಲಿಸ್ಬೇಕಾದ್ದು ಅದನ್ನೇ. ಮಧ್ಯೆ ಒಂದು ಎಂ ಇದ್ರೆ ಗಾಬರಿ ಆಗ್ಬೇಡಿ, ಮಾರುತಿ ಇಲ್ಲೇ ಮಾಡ್ಸಿರೋ ಐಟಂಗಳಿಗೆ ಅದು ಇರತ್ತೆ.

ಈಗ ಮುಖ್ಯ ವಿಷಯ. ಜಿ13ರಲ್ಲಿ ಟೆನ್ಷನರ್ ಅಂದ್ರೆ ಪುಲ್ಲಿ ಒಂದೇ ಅಲ್ಲ. ಪುಲ್ಲಿ ಹಿಂದೆ ಒಂದು ತೆಳು ಪ್ಲೇಟ್ ಇದೆ, ಅದಕ್ಕೆ ಸ್ಪ್ರಿಂಗ್ ಕೊಕ್ಕೆ ಹಾಕಿರತ್ತೆ. ಪ್ಲೇಟಿಗೆ ಒಂದು ಚಿಕ್ಕ ನಾಲಿಗೆ ಇದೆ, ಆ ನಾಲಿಗೆ ಟೆನ್ಷನರ್ ಮೈಯಲ್ಲಿರೋ ತೂತಿನೊಳಗೆ ಕೂತಿರ್ಬೇಕು. ಸ್ಪ್ರಿಂಗ್ ಪ್ಲೇಟನ್ನ ಎಳೆಯತ್ತೆ, ಪ್ಲೇಟ್ ನಾಲಿಗೆಯಿಂದ ಟೆನ್ಷನರ್‌ನ ಎಳೆಯತ್ತೆ, ಟೆನ್ಷನರ್ ಬೆಲ್ಟನ್ನ ಒತ್ತತ್ತೆ. ನಾಲಿಗೆ ತೂತಿಗೆ ಕೂರದೆ ಪಕ್ಕದಲ್ಲಿ ನಿಂತ್ರೆ ಸ್ಪ್ರಿಂಗ್ ಎಷ್ಟೇ ಹೊಸದಿದ್ರೂ ಪ್ಲೇಟ್ ಮಾತ್ರ ಅಲ್ಲಾಡತ್ತೆ, ಪುಲ್ಲಿ ಇದ್ದಲ್ಲೇ ಇರತ್ತೆ. ಹೊರಗಿಂದ ನೋಡಿದ್ರೆ ಎಲ್ಲಾ ಸರಿಯಾಗಿ ಕೂತಿರೋ ಹಾಗೇ ಕಾಣತ್ತೆ. ಚೆಕ್ ಮಾಡೋದು ಸುಲಭ: ಬೋಲ್ಟು, ಸ್ಟಡ್ ಎರಡೂ ಪೂರ್ತಿ ಟೈಟ್ ಮಾಡದೆ ಪ್ಲೇಟನ್ನ ಬೆರಳಲ್ಲಿ ತಳ್ಳಿ, ಪುಲ್ಲಿನೂ ಅದೇ ದಿಕ್ಕಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಕೂರ್ಸಿ.

ಇನ್ನೊಂದು ಹೆಚ್ಚಿನವರು ಬಿಟ್ಟುಬಿಡೋದು: ಬೆಲ್ಟ್ ಹಾಕೋ ಮುಂಚೆ ಟ್ಯಾಪೆಟ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ (ವಾಲ್ವ್ ಗ್ಯಾಪ್ ಸೆಟ್ ಮಾಡೋ ಸ್ಕ್ರೂಗಳು) ಪೂರ್ತಿ ಲೂಸ್ ಮಾಡ್ಬೇಕು. ಇಲ್ದಿದ್ರೆ ವಾಲ್ವ್ ಸ್ಪ್ರಿಂಗುಗಳು ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟನ್ನ ಹಿಡಿದುಕೊಂಡಿರ್ತವೆ, ಆ ಗಟ್ಟಿ ಸ್ಪ್ರಿಂಗುಗಳ ಮುಂದೆ ಟೆನ್ಷನರ್‌ನ ಪುಟ್ಟ ಸ್ಪ್ರಿಂಗ್‌ಗೆ ಬೆಲ್ಟ್ ಎಳೆಯೋ ಶಕ್ತಿ ಇರಲ್ಲ. ಕ್ಯಾಮ್ ಕೈಯಲ್ಲಿ ಹಗುರವಾಗಿ ತಿರುಗೋ ಹಾಗಿದ್ರೆ ಮಾತ್ರ ಸ್ಪ್ರಿಂಗ್ ಲೆಕ್ಕದ ಟೆನ್ಷನ್ ಸಿಗತ್ತೆ. ಕ್ಯಾಮ್ ಪುಲ್ಲಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಎಂಜಿನ್ ಶಾಫ್ಟ್) ಪುಲ್ಲಿ ಮಾರ್ಕ್ ಸೇರ್ಸಿ, ಪ್ಲೇಟನ್ನ ಬೆರಳಲ್ಲಿ ಮೇಲಕ್ಕೆ ಹಿಡಿದು, ಎಳೆಯೋ ಕಡೆ (ಟೆನ್ಷನರ್ ಇಲ್ಲದ ಬದಿ) ಸಡಿಲ ಇಲ್ದಂತೆ ಬೆಲ್ಟ್ ಹಾಕಿ, ಬೆಲ್ಟ್ ಮೇಲಿನ ಬಾಣ ಎಂಜಿನ್ ತಿರುಗೋ ದಿಕ್ಕಿಗೇ ಇರ್ಲಿ. ಸ್ಪ್ರಿಂಗ್ ಸಿಕ್ಕಿಸಿ ಕ್ರ್ಯಾಂಕ್‌ನ ಗಡಿಯಾರದ ದಿಕ್ಕಿಗೆ ಪೂರ್ತಿ ಎರಡು ಸುತ್ತು ತಿರುಗಿಸಿ, ಮಾರ್ಕ್ ಮತ್ತೆ ಸೇರಿದೆಯಾ ನೋಡಿ, ಆಮೇಲೆ ಮೊದ್ಲು ಸ್ಟಡ್ ಸುಮಾರು 11 ನ್ಯೂಟನ್ ಮೀಟರ್, ನಂತರ ಬೋಲ್ಟ್ 27 ಆಸುಪಾಸು. ಕೊನೇಲಿ ಟ್ಯಾಪೆಟ್ ಸೆಟ್ಟಿಂಗ್. ಒಮ್ಮೆ ಬೋಲ್ಟ್ ಟೈಟ್ ಆದ್ಮೇಲೆ ಸ್ಪ್ರಿಂಗ್ ಕೆಲಸ ಮುಗೀತು, ಟೆನ್ಷನರ್ ಅಲ್ಲೇ ಲಾಕ್. ಓಡ್ತಾ ಓಡ್ತಾ ತಾನಾಗೇ ಸರಿ ಮಾಡ್ಕೊಳ್ಳೋ ಜಾತಿ ಅಲ್ಲ ಇದು. ಹಾಗಂತ ಸ್ಕ್ರೂಡ್ರೈವರ್ ಹಾಕಿ ಮೀಟಿ ಟೈಟ್ ಮಾಡೋಕೆ ಯಾರನ್ನೂ ಬಿಡ್ಬೇಡಿ, ಬೆಲ್ಟ್ ಗುಂಯ್‌ಗುಡತ್ತೆ, ಹೊಸ ಬೇರಿಂಗ್ ಬೇಗ ಸಾಯತ್ತೆ.

ಜೆಸಿರೋಡ್_ಸುತ್ತಾಟ:
ಇಷ್ಟೆಲ್ಲ ಯಾಕೆ, ಹಳೇ ಪುಲ್ಲಿಗೆ ಬೇರಿಂಗ್ ಮಾತ್ರ ಪ್ರೆಸ್ ಮಾಡ್ಸಿದ್ರೆ ಆಗಲ್ವಾ? ನಾನು ಒಂದ್ಸಲ ಮಾಡ್ಸಿದೀನಿ, ಓಡ್ತು.

ಹಳೇ_ಸುಜುಕಿ:
ಓಡಿರಬಹುದು ಅಣ್ಣ, ನಾನು ಮಾತ್ರ ಮಾಡಲ್ಲ. ಟೆನ್ಷನರ್ ಬೇರಿಂಗ್ ಒಳಗಿರೋ ಗ್ರೀಸೂ ಸೀಲೂ ಎಂಜಿನ್ ಪಕ್ಕದ ಬಿಸಿಗೆ, ಅಷ್ಟು ಸ್ಪೀಡಿಗೆ ಅಂತಾನೇ ಮಾಡಿರೋದು, ಅಳತೆ ಒಂದೇ ಇದ್ದ ಮಾತ್ರಕ್ಕೆ ಗ್ರೈಂಡರ್ ಬೇರಿಂಗ್ ಇಲ್ಲಿ ಬಾಳಲ್ಲ. ಪುಲ್ಲಿ ಸ್ವಲ್ಪ ಓರೆ ಕೂತ್ರೂ ಬೆಲ್ಟ್ ಒಂದಂಚಿಗೆ ಸರಿದು ನೂಲು ನೂಲಾಗತ್ತೆ. ಪೆಟ್ರೋಲಲ್ಲೋ ಡೀಸೆಲ್ಲಲ್ಲೋ ಅದ್ದಿ ತೊಳೆಯೋದಂತೂ ಬೇಡವೇ ಬೇಡ, ಒಳಗಿನ ಗ್ರೀಸ್ ಕರಗಿ ಹೋಗತ್ತೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಒಳ್ಳೇ ಪುಲ್ಲಿಗೆ ಬೆರಳಲ್ಲಿ ಒಂದು ಸುತ್ತು ಕೊಟ್ರೆ ಸ್ವಲ್ಪ ಭಾರವಾಗಿ, ಸದ್ದಿಲ್ದೆ ತಿರುಗಿ ನಿಲ್ಲತ್ತೆ. ಫ್ಯಾನ್ ಥರ ಗಿರಗಿರ ತಿರುಗಿ ಸರಸರ ಅಂದ್ರೆ ಒಳಗೆ ಗ್ರೀಸ್ ಇಲ್ಲ.

ಜೆಸಿರೋಡ್_ಸುತ್ತಾಟ:
ಗ್ರೀಸ್ ವಿಷ್ಯ ನಂಗೆ ಗೊತ್ತಿರ್ಲಿಲ್ಲ, ಇನ್ಮೇಲೆ ಪೂರ್ತಿ ಪುಲ್ಲಿನೇ ತಗೋತೀನಿ. ಮೂಡಿಗೆರೆಯವ್ರೇ, ಬೆಂಗಳೂರಿಗೆ ಬಂದಾಗ ಜೆಸಿ ರೋಡಲ್ಲಿ ಹಳೇ ಸ್ಯಾಂಪಲ್ ಕೈಯಲ್ಲಿ ಹಿಡ್ಕೊಂಡೇ ಕೇಳಿ. ಪುಲ್ಲಿಯ ಹೊರ ಅಳತೆ, ಅಗಲ, ನಾಲಿಗೆ ಕೂರೋ ತೂತು ಎಲ್ಲಿದೆ, ಬೋಲ್ಟ್ ತೂತು ಎಷ್ಟು, ನಾಲ್ಕೂ ಪಕ್ಕಪಕ್ಕ ಇಟ್ಟು ನೋಡಿ. ಪ್ಲೇಟ್ ಸೊಟ್ಟ ಆಗಿ ಹೊಸದು ಸಿಗ್ಲಿಲ್ಲ ಅಂದ್ರೆ ಶಿವಾಜಿನಗರ ಗುಜರಿಯಲ್ಲಿ ಹುಡುಕಬಹುದು, ಆದ್ರೆ ಪುಲ್ಲಿ, ಬೆಲ್ಟ್ ಗುಜರಿದು ಬೇಡ.

ಇಂಡಿಕಾ_ಹಾಸನ:
ಮಧ್ಯೆ ಬಂದೆ, ನಂದು ಹಳೇ ಇಂಡಿಕಾ ಡೀಸೆಲ್. ಬೆಲ್ಟ್ ಹೋದ್ರೆ ಜಿಪ್ಸಿ ಥರಾನೇ ಬರೀ ನಿಲ್ಲತ್ತಾ?

ಹಳೇ_ಸುಜುಕಿ:
ಇಲ್ಲ, ನಿಮ್ದು ತುಂಬಾ ಅಪಾಯ. ಎಂಟು ವಾಲ್ವ್‌ನ ಜಿ13ರಲ್ಲಿ ಬೆಲ್ಟ್ ಹರಿದ್ರೂ ಸಾಮಾನ್ಯವಾಗಿ ವಾಲ್ವ್ ಪಿಸ್ಟನ್‌ಗೆ ತಾಗಲ್ಲ, ಹೊಸ ಬೆಲ್ಟ್ ಹಾಕಿ ಹೊರಡಬಹುದು. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಪಿಸ್ಟನ್ ಮೇಲೆ ಬಂದಾಗ ಜಾಗವೇ ಇರಲ್ಲ, ವಾಲ್ವ್ ಬೆಂಡ್ ಆಗಿ ಹೆಡ್ ಇಳಿಸ್ಬೇಕಾಗತ್ತೆ. ಕಿಮೀ ಕಮ್ಮಿ ಓಡಿದೆ ಅಂತ ಕಾಯ್ಬೇಡಿ, ನಿಂತಲ್ಲೇ ರಬ್ಬರ್‌ಗೆ ವಯಸ್ಸಾಗತ್ತೆ, ಬೆಲ್ಟ್ ಜೊತೆ ಟೆನ್ಷನರ್ ಸೇರ್ಸೇ ಬದಲಾಯ್ಸಿ. ಮತ್ತೆ ಮೇಲೆ ಬರೆದಿರೋ ವಿಧಾನ ನಿಮ್ಮ ಎಂಜಿನ್‌ದಲ್ಲ, ಅದನ್ನ ಇದಕ್ಕೆ ಹಚ್ಚಬೇಡಿ.

ಮೂಡಿಗೆರೆ_ಜಿಪ್ಸಿ:
ಎಲ್ರಿಗೂ, ಮುಖ್ಯವಾಗಿ ಸುಜುಕಿ ಸರ್‌ಗೆ ತುಂಬಾ ಥ್ಯಾಂಕ್ಸ್. ಭಾನುವಾರ ಮೆಕ್ಯಾನಿಕ್‌ನ ಮನೆಗೇ ಕರೆಸಿ ರೇಡಿಯೇಟರ್ ಫ್ಯಾನ್ ಇಳಿಸಿ ಜೊತೆಗೇ ಕೂತು ನೋಡಿದೆ. ಪ್ಲೇಟ್ ತಳ್ಳಿದ್ರೆ ಪುಲ್ಲಿ ಅಲ್ಲಾಡ್ಲೇ ಇಲ್ಲ! ಬಿಚ್ಚಿದಾಗ ನಾಲಿಗೆ ತೂತಿನ ಪಕ್ಕ ಒತ್ತಿ ಒತ್ತಿ ಹೊಳೆಯೋ ಒಂದು ಗೆರೆ ಬಿದ್ದಿತ್ತು, ನಾಲಿಗೆ ತುದಿನೂ ಸ್ವಲ್ಪ ಮಡಚಿತ್ತು. ಟ್ಯಾಪೆಟ್ ಲೂಸ್ ಮಾಡಿರ್ಲಿಲ್ಲ ಅಂತ ಅವ್ರೇ ಒಪ್ಕೊಂಡ್ರು. ಮೂರು ದಿನ ಬಿಟ್ಟು ಚಾಸಿಸ್ ನಂಬರ್ ಮೇಲೆ ಪುಲ್ಲಿ, ಪ್ಲೇಟ್, ಸ್ಪ್ರಿಂಗ್ ಮೂರೂ ತರಿಸ್ದೆ. ಹಳೇ ಸ್ಪ್ರಿಂಗ್ ಹೊಸದರ ಪಕ್ಕ ಇಟ್ರೆ ಎರಡು ಸುತ್ತಿನಷ್ಟು ಉದ್ದ ಹಿಗ್ಗಿತ್ತು. ನೀವು ಹೇಳ್ದಂಗೇ ಹಾಕಿದ್ವಿ, ಟಪ್ ಟಪ್ ಹೋಯ್ತು, ಬೆಳಿಗ್ಗೆ ಕುಯ್ಯ್ ಅನ್ನೋದೂ ಇಲ್ಲ. ಕ್ರ್ಯಾಂಕ್ ಪುಲ್ಲಿ ಹತ್ರ ಸ್ವಲ್ಪ ಎಣ್ಣೆ ಒದ್ದೆ ಇದೆ, ಮುಂದಿನ ಆಯಿಲ್ ಸೀಲ್ ಇರಬೇಕು. ಈಗ್ಲೇ ಮಾಡ್ಸ್ಲಾ?

ಹಳೇ_ಸುಜುಕಿ:
ಈಗ್ಲೇ ಮಾಡ್ಸಿ ಸರ್. ಎಣ್ಣೆ ಬಿದ್ರೆ ಬೆಲ್ಟಿನ ರಬ್ಬರ್ ಉಬ್ಬಿ ಮೆತ್ತಗಾಗತ್ತೆ, ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಒಂದೇ ಎಚ್ಚರ: ಬರೀ ಬೆಲ್ಟ್‌ಗಾದ್ರೆ ಕ್ರ್ಯಾಂಕ್ ಮಧ್ಯದ ದೊಡ್ಡ ಬೋಲ್ಟ್ ಬಿಚ್ಚೋದೇ ಬೇಡ, ಸೀಲ್‌ಗೆ ಬಿಚ್ಚಲೇಬೇಕು. ವಾಪಸ್ ಹಾಕ್ವಾಗ ಮ್ಯಾನ್ಯುಯಲ್‌ನಲ್ಲಿರೋ ಟಾರ್ಕ್‌ಗೇ ಟಾರ್ಕ್ ರೆಂಚ್‌ನಲ್ಲಿ ಟೈಟ್ ಮಾಡ್ಸಿ, ಕೈ ಅಂದಾಜು ಬೇಡ. ಆ ಬೋಲ್ಟ್ ಲೂಸ್ ಆಗಿ ಕೀ (ಪುಲ್ಲಿ ಜಾರದಂತೆ ಕ್ರ್ಯಾಂಕ್‌ಗೆ ಹಿಡಿಯೋ ಚಿಕ್ಕ ಕಬ್ಬಿಣದ ತುಂಡು) ಜಾಗ ಸವೆಯೋದು ಈ ಎಂಜಿನ್‌ನ ಹಳೇ ಕಾಯಿಲೆ, ಅಮೆರಿಕದಲ್ಲಿ 1.3 ಲೀಟರ್ ಸುಜುಕಿ ಸಮುರಾಯ್ ಇಟ್ಕೊಂಡವ್ರೂ ಇದೇ ಹೇಳ್ತಾರೆ. ಬಿಚ್ಚಿದಾಗ ಕೀ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.