ಎನ್‌ಫೋರ್ಟುಮ್ಯಾಬ್ + ಪೆಂಬ್ರೊ ತಗೊಳ್ತಿರುವವರಿಗೆ ಒಣಕೆಮ್ಮು: ಎಂಟನೇ ದಿನದ ಡೋಸ್ ಕೊಡಬಹುದಾ?

ತಾಲ್ಲೂಕು_ಜಿಪಿ
ಮುಂದುವರಿದ ಮೂತ್ರಕೋಶದ ಕ್ಯಾನ್ಸರ್‌ಗೆ ಎನ್‌ಫೋರ್ಟುಮ್ಯಾಬ್ ವೆಡೋಟಿನ್ (ಆ್ಯಂಟಿಬಾಡಿಗೆ ಕೀಮೋ ಕಟ್ಟಿದ ಔಷಧ) ಜೊತೆ ಪೆಂಬ್ರೊಲಿಝುಮ್ಯಾಬ್ (ಇಮ್ಯುನೋಥೆರಪಿ, ಚಿಕ್ಕದಾಗಿ ಪೆಂಬ್ರೊ) ಹಾಕಿಸಿಕೊಂಡವರು ಮೂರು ವಾರದ ಸೈಕಲ್‌ಗಳ ನಡುವೆ ಊರಿಗೆ ಬಂದಾಗ ಕೆಮ್ಮಿಗೆ ಮೊದಲು ನೋಡೋದು ನಾವೇ. ಉದಾಹರಣೆಗೆ: 60 ಕೆಜಿ ತೂಕ, ಐದನೇ ಸೈಕಲ್, ಹತ್ತು ದಿನದಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಅಜಿಥ್ರೊಮೈಸಿನ್ ಕೋರ್ಸ್ ಮುಗಿದಿದೆ. ಕೂತಾಗ ಆಕ್ಸಿಜನ್ 96, ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಎರಡು ದಿನದಲ್ಲಿ ಎಂಟನೇ ದಿನದ ಎನ್‌ಫೋರ್ಟುಮ್ಯಾಬ್ ಇದೆ. ಇನ್ನೊಂದು ಆ್ಯಂಟಿಬಯಾಟಿಕ್ ಬರೆದು ಕಳಿಸೋದಾ, ಡೋಸ್ ನಿಲ್ಲಿಸೋದಾ?

ಶ್ವಾಸಕೋಶ_ವಿಭಾಗ
ಡಾಕ್ಟ್ರೇ, ಎರಡನೇ ಆ್ಯಂಟಿಬಯಾಟಿಕ್ ಬೇಡ. ಇವತ್ತೇ ಅವರ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ, ಆ ಡೋಸ್ ತಡೆಹಿಡಿಸಿ. ಒಂದನೇ ದಿನ ಎರಡೂ ಔಷಧ ಹೋಗುವುದರಿಂದ ಎಲ್ಲರೂ ಗಮನ ಕೊಟ್ಟು ನೋಡ್ತಾರೆ. ಎಂಟನೇ ದಿನ ಡೇಕೇರ್‌ನಲ್ಲಿ ರಕ್ತದ ರಿಪೋರ್ಟ್ ಸರಿಯಿದ್ದರೆ ಡ್ರಿಪ್ ಹಾಕಿಬಿಡ್ತಾರೆ, ಕೆಮ್ಮಿನ ವಿಷಯ ಯಾರೂ ಕೇಳಿರೋದಿಲ್ಲ.

ಅನುಮಾನ ಇರೋದು ನ್ಯುಮೋನೈಟಿಸ್ ಮೇಲೆ, ಅಂದರೆ ಔಷಧದಿಂದಲೇ ಆಗುವ ಶ್ವಾಸಕೋಶದ ಉರಿಯೂತ. ಎನ್‌ಫೋರ್ಟುಮ್ಯಾಬ್ ಒಂಟಿಯಾಗಿ ಕೊಟ್ಟಾಗ ಅದು ಸುಮಾರು 3%. ಪೆಂಬ್ರೊ ಸೇರಿದರೆ ಸುಮಾರು 10%, ತೀವ್ರವಾದದ್ದು 4% ಆಸುಪಾಸು. ಜೋಡಿ ಚಿಕಿತ್ಸೆಯಲ್ಲಿ ಕಾಣಿಸಿಕೊಳ್ಳುವ ಮಧ್ಯಾಂಕ (ಮೀಡಿಯನ್) ಅವಧಿ ನಾಲ್ಕು ತಿಂಗಳ ಹತ್ತಿರ, ಆದರೆ ಮೊದಲ ಕೆಲವು ವಾರಗಳಲ್ಲೂ, ಎರಡು ವರ್ಷ ಕಳೆದ ಮೇಲೂ ಬಂದದ್ದಿದೆ. ನಿಮ್ಮ ಉದಾಹರಣೆ ಆ ವ್ಯಾಪ್ತಿಯೊಳಗೇ ಬರುತ್ತೆ.

ಕೂತಾಗಿನ 96 ನಂಬಬೇಡಿ. ಒಂದು ನಿಮಿಷ ಕುರ್ಚಿಯಿಂದ ಏಳಿಸಿ ಕೂರಿಸಿ, ಆಕ್ಸಿಮೀಟರ್ ಬೆರಳಲ್ಲೇ ಇರಲಿ. 3 ಅಂಕ ಅಥವಾ ಹೆಚ್ಚು ಇಳಿದರೆ ಅದೇ ದಿನ ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿ. ಬೆರಳು ತಣ್ಣಗಿದ್ದರೆ, ಮೆಹೆಂದಿಯೋ ನೇಲ್‌ಪಾಲಿಶೋ ಇದ್ದರೆ ರೀಡಿಂಗ್ ಕೈಕೊಡುತ್ತೆ. ಕಪ್ಪು ಚರ್ಮದಲ್ಲಿ ಯಂತ್ರ ಇರುವುದಕ್ಕಿಂತ ಒಂದೆರಡು ಜಾಸ್ತಿ ತೋರಿಸಬಹುದು ಅನ್ನೋದೂ ಲೆಕ್ಕದಲ್ಲಿರಲಿ. ಈ ಉರಿಯೂತದ ಗ್ರೌಂಡ್‌ಗ್ಲಾಸ್ (ಮಂಜಿನಂಥ ಮಸುಕು) ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಇರಬಹುದು.

ಸ್ಟೀರಾಯ್ಡ್‌ಗೆ ಮುಂಚೆ ಎರಡು ವಿಷಯ ತೀರ್ಮಾನವಾಗಲಿ. ಒಂದು, ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು): ಈ ಕ್ಯಾನ್ಸರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಸಾಮಾನ್ಯ. ಕ್ರಿಯಾಟಿನಿನ್ ಒಪ್ಪಿದರೆ ಕಾಂಟ್ರಾಸ್ಟ್ ಸಿಟಿಯಲ್ಲೇ ಹೆಪ್ಪು, ಉರಿಯೂತ ಎರಡನ್ನೂ ನೋಡಬಹುದು. ಇನ್ನೊಂದು, ಟಿಬಿ: ಕಫ ಬಂದರೆ ಸಿಬಿನಾಟ್‌ಗೆ (ಟಿಬಿ ಪತ್ತೆಯ ಜೀನ್ ಪರೀಕ್ಷೆ) ಕಳಿಸಿ, ಸರ್ಕಾರಿ ಕೇಂದ್ರದಲ್ಲಿ ಉಚಿತ. ಒಣಕೆಮ್ಮಾದರೆ ಬ್ರಾಂಕೋಸ್ಕೋಪಿ ಮಾಡಿ ಲವಾಜ್ (ಶ್ವಾಸಕೋಶ ತೊಳೆದ ದ್ರವ) ತೆಗೆಯಬೇಕಾಗಬಹುದು. ಮೊದಲು ಮೂತ್ರಕೋಶದೊಳಗೆ ಬಿಸಿಜಿ (ಬಲ ಕುಂದಿಸಿದ ಟಿಬಿ ಜಾತಿಯ ಬ್ಯಾಕ್ಟೀರಿಯಾ) ಹಾಕಿಸಿಕೊಂಡಿದ್ದರೆ ಅದನ್ನೂ ಬರೆದು ಕಳಿಸಿ. ಅಪರೂಪಕ್ಕೆ ಆ ಬ್ಯಾಕ್ಟೀರಿಯಾವೇ ಶ್ವಾಸಕೋಶ ಸೇರುತ್ತೆ, ಅದಕ್ಕೆ ಟಿಬಿ ಔಷಧ ಪೈರಾಜಿನಮೈಡ್ ನಾಟುವುದಿಲ್ಲ. ಆದರೆ ಆಕ್ಸಿಜನ್ ಬೇಕಾಗುವ ಸ್ಥಿತಿಯಲ್ಲಿ ರಿಪೋರ್ಟ್‌ಗಾಗಿ ಕಾಯುತ್ತಾ ಸ್ಟೀರಾಯ್ಡ್ ತಡ ಮಾಡಬೇಡಿ. ಸ್ಯಾಂಪಲ್ ತೆಗೆದಿಟ್ಟು ಶುರುಮಾಡಿ.

ಆಂಕೋ_ಫಾರ್ಮಸಿ
ಮೇಲಿನದಕ್ಕೆ ಡೋಸ್ ಲೆಕ್ಕ ಸೇರಿಸ್ತೀನಿ. ಲಕ್ಷಣವಿರುವ ಗ್ರೇಡ್ 2ರಲ್ಲಿ (ತೀವ್ರತೆಯ ಎರಡನೇ ಹಂತ) ಎರಡೂ ಔಷಧ ನಿಲ್ಲಿಸಿ, ಪ್ರೆಡ್ನಿಸೊಲೋನ್ ಕೆಜಿಗೆ 1 ಮಿಗ್ರಾಂ, ಅಂದ್ರೆ ನಿಮ್ಮ 60 ಕೆಜಿಯವರಿಗೆ ಬೆಳಗಿನ ತಿಂಡಿ ಆದ ಮೇಲೆ 60 ಮಿಗ್ರಾಂ. ಗ್ರೇಡ್ 3 ಅಥವಾ 4 ಆದರೆ ಅಡ್ಮಿಟ್, ಮಿಥೈಲ್‌ಪ್ರೆಡ್ನಿಸೊಲೋನ್ ಐವಿ ಕೆಜಿಗೆ 1ರಿಂದ 2 ಮಿಗ್ರಾಂ, ಎರಡೂ ಔಷಧ ಶಾಶ್ವತವಾಗಿ ಬಂದ್. 48 ಗಂಟೆಯಲ್ಲಿ ತಿರುಗಿಕೊಳ್ಳದಿದ್ದರೆ ಮೈಕೊಫಿನೊಲೇಟ್, ಐವಿಐಜಿ ಅಥವಾ ಇನ್‌ಫ್ಲಿಕ್ಸಿಮ್ಯಾಬ್. ಟಿಬಿ ಅನುಮಾನ ಉಳಿದಿದ್ದರೆ ಕೊನೆಯದನ್ನು ಮುಟ್ಟಬೇಡಿ.

ಸ್ಟೀರಾಯ್ಡ್ ಇಳಿಸುವುದು 4ರಿಂದ 6 ವಾರ, ವಾರಕ್ಕೆ 10 ಮಿಗ್ರಾಂ. ಹೆಚ್ಚಿನ ಕೇಸು ಕೆಡೋದು ಇಲ್ಲೇ: ಕೆಮ್ಮು ನಿಂತಿತು ಅಂತ ಹತ್ತು ದಿನಕ್ಕೆ ಮಾತ್ರೆ ನಿಲ್ಲಿಸಿಬಿಡ್ತಾರೆ. ಪೆಂಬ್ರೊದ ಅರ್ಧಾಯು ಸುಮಾರು 22 ದಿನ. ಇಂಜೆಕ್ಷನ್ ನಿಂತರೂ ಔಷಧ ಮೈಯಲ್ಲಿ ತಿಂಗಳುಗಟ್ಟಲೆ ಇರುತ್ತೆ, ಉರಿಯೂತ ಮತ್ತೆ ಎದ್ದು ಕೂರುತ್ತೆ.

20 ಮಿಗ್ರಾಂ ಅಥವಾ ಹೆಚ್ಚು ನಾಲ್ಕು ವಾರ ಹೋಗುವುದಾದರೆ ನ್ಯುಮೊಸಿಸ್ಟಿಸ್ (ಶ್ವಾಸಕೋಶದ ಶಿಲೀಂಧ್ರ ಸೋಂಕು) ತಡೆಗೆ ಕೋಟ್ರಿಮಾಕ್ಸಝೋಲ್ ಡಿಎಸ್ ವಾರಕ್ಕೆ ಮೂರು ದಿನ. ಇದನ್ನು ಕಣ್ಣುಮುಚ್ಚಿ ಬರೆಯಬೇಡಿ. ಎನ್‌ಫೋರ್ಟುಮ್ಯಾಬ್ ಲೇಬಲ್‌ನಲ್ಲೇ ಸ್ಟೀವನ್ಸ್-ಜಾನ್ಸನ್ (ಚರ್ಮ ಸುಲಿಯುವ ಗಂಭೀರ ಪ್ರತಿಕ್ರಿಯೆ) ಬಗ್ಗೆ ಚೌಕಟ್ಟು ಹಾಕಿದ ಎಚ್ಚರಿಕೆ ಇದೆ, ಕೋಟ್ರಿಮಾಕ್ಸಝೋಲ್‌ನಲ್ಲಿರುವ ಸಲ್ಫಾದಿಂದಲೂ ಅದೇ ಬರಬಹುದು. ಚರ್ಮದಲ್ಲಿ ಬೊಕ್ಕೆ, ಬಾಯಲ್ಲಿ ಹುಣ್ಣು ಎದ್ದರೆ ಯಾವುದರಿಂದ ಅಂತ ಹೇಳೋಕೆ ಆಗಲ್ಲ. ಚರ್ಮದ ತೊಂದರೆ ಆಗಲೇ ಇರುವವರಿಗೆ ಅಟೊವಕ್ವೋನ್ ದಿನಕ್ಕೆ 1500 ಮಿಗ್ರಾಂ ಯೋಚಿಸಬಹುದು, ದುಬಾರಿ ನಿಜ. ಕೋಟ್ರಿಮಾಕ್ಸಝೋಲ್ ಕೊಟ್ಟರೆ ಒಂದು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿ. ಈ ರೋಗಿಗಳಲ್ಲಿ ಅರ್ಧಕ್ಕರ್ಧ ಜನರ ಕಿಡ್ನಿ ಮೊದಲೇ ಸೊರಗಿರುತ್ತೆ.

ಡೇಕೇರ್_ಸಿಸ್ಟರ್
ಫಾರ್ಮಸಿಯವರು ರಕ್ತದ ಸಕ್ಕರೆಯ ವಿಷಯ ಹೇಳೋದು ಬಿಟ್ಟರು. ಎನ್‌ಫೋರ್ಟುಮ್ಯಾಬ್ ತಾನಾಗಿಯೇ ಸಕ್ಕರೆ ಏರಿಸುತ್ತೆ, ಡಯಾಬಿಟಿಸ್ ಇಲ್ಲದವರಿಗೂ. ಅದರ ಮೇಲೆ 60 ಮಿಗ್ರಾಂ ಪ್ರೆಡ್ನಿಸೊಲೋನ್. ಬೆಳಗ್ಗೆ ಮಾತ್ರೆ ತಗೊಂಡವರ ಫಾಸ್ಟಿಂಗ್ ಚೆನ್ನಾಗೇ ಬರುತ್ತೆ, ಮೋಸ ಹೋಗಬೇಡಿ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ಮತ್ತೆ ಸಂಜೆ ಚುಚ್ಚಿ ನೋಡಿ. 250 ದಾಟಿದ್ದರೆ ಎನ್‌ಫೋರ್ಟುಮ್ಯಾಬ್ ಕೊಡೋ ಹಾಗಿಲ್ಲ, ಕೆಮ್ಮು ವಾಸಿಯಾಗಿದ್ದರೂ.

ತಾಲ್ಲೂಕು_ಜಿಪಿ
ತಿಳೀತು. ಗ್ರೇಡ್ 2 ವಾಸಿಯಾದ ಮೇಲೆ ಮತ್ತೆ ಶುರು ಮಾಡ್ತಾರಾ? ಮನೆಯವರು ಕೇಳೋದು ಇದನ್ನೇ.

ಶ್ವಾಸಕೋಶ_ವಿಭಾಗ
ಗ್ರೇಡ್ 1 ಅಥವಾ ಅದಕ್ಕಿಂತ ಕೆಳಗೆ ಬಂದು, ಪ್ರೆಡ್ನಿಸೊಲೋನ್ 10 ಮಿಗ್ರಾಂ ಒಳಗೆ ಇಳಿದ ಮೇಲೆ ಶುರು ಮಾಡಬಹುದು. ಎನ್‌ಫೋರ್ಟುಮ್ಯಾಬ್ ಅದೇ ಡೋಸ್‌ನಲ್ಲಿ ಅಥವಾ ಒಂದು ಹಂತ ಕೆಳಗೆ, ಅಂದರೆ ಕೆಜಿಗೆ 1.25ರ ಬದಲು 1 ಮಿಗ್ರಾಂ. ಪೆಂಬ್ರೊ ವಾಪಸ್ ತರುವ ನಿರ್ಧಾರ ಆಂಕಾಲಜಿಸ್ಟ್‌ದು. ಅವರು ನಿಮ್ಮನ್ನು ಕೇಳೋದು ಹೊಸ ಎಚ್‌ಆರ್‌ಸಿಟಿ ಮತ್ತು ಆ ಒಂದು ನಿಮಿಷದ ಕುರ್ಚಿ ರೀಡಿಂಗ್ ಹಳೆಯದರ ಜೊತೆ. ಎರಡನ್ನೂ ತಾರೀಖು ಹಾಕಿ ಡಿಸ್‌ಚಾರ್ಜ್ ಫೈಲ್‌ನಲ್ಲಿಡಿ.