ಹತ್ತಡಿ ಕೋಣೆಯಲ್ಲಿ ಡಗ್ಗಾ ಕೇಳಿಸುತ್ತಿಲ್ಲ: ಈ ಹಳೆಯ ಸ್ಪೀಕರುಗಳನ್ನು ಮಾರಿಬಿಡಲೇ?

ಖರ್ಜಪ್ರಿಯ (ಡೊಂಬಿವಲಿ):
ಮಾನ್ಯರೇ, ಸಣ್ಣ ಕೋಣೆಗೆ ಸಣ್ಣ ಪೆಟ್ಟಿಗೆಯೇ ಸರಿ ಎಂದು ಬಲ್ಲವರು ಹೇಳಿದ್ದನ್ನು ನಂಬಿ, ಚೋರ್ ಬಜಾರಿನಲ್ಲಿ ಎರಡು ಶುಕ್ರವಾರ ಅಲೆದು, ಎಪ್ಪತ್ತರ ದಶಕದ ಇಂಗ್ಲೆಂಡಿನ ಒಂದು ಜೋಡಿಯನ್ನು ತಂದೆ. ಕಂಠ, ಹಾರ್ಮೋನಿಯಂ, ತಬಲಾದ ಬಲಗೈ ಎಲ್ಲವೂ ಸೊಗಸಾಗಿವೆ. ಆದರೆ ತಬಲಾದ ಎಡಗೈಯ ಡಗ್ಗಾದ ಗುಮುಕು ಮತ್ತು ತಂಬೂರಿಯ ಅತಿ ಕೆಳಸ್ವರದ ಖರ್ಜದ ತಂತಿ ಎಲ್ಲಿ ಅಡಗಿವೆಯೋ ತಿಳಿಯದು. ಮೂರು ವಾರದಿಂದ ಇದೇ ಗೋಳು. ಇವನ್ನು ಮಾರಿ ದೊಡ್ಡ ಪೆಟ್ಟಿಗೆ ತರಬೇಕೆಂದಿದ್ದೇನೆ, ಯಾವುದನ್ನು ತರಲಿ?

ಬೆಸುಗೆಕೋಲು (ಮಾಟುಂಗ):
ಕೆಪ್ಯಾಸಿಟರುಗಳು ಸತ್ತಿವೆ. ನಲವತ್ತು ವರ್ಷ ದಾಟಿದ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರು ಒಳಗೊಳಗೇ ಒಣಗಿರುತ್ತದೆ. ಮೇಲ್ಸ್ವರ ಕೆಳಸ್ವರಗಳನ್ನು ಬೇರ್ಪಡಿಸುವ ಕ್ರಾಸೋವರ್ ಹೊರತೆಗೆದು ಲ್ಯಾಮಿಂಗ್ಟನ್ ರಸ್ತೆಯಿಂದ ನಾನ್-ಪೋಲಾರ್ (ಧನ-ಋಣ ಭೇದವಿಲ್ಲದ) ಮಾದರಿಯವನ್ನು ತಂದು ಹಾಕಿರಿ.

ಹಳೆಪೆಟ್ಟಿಗೆ (ಕೋಥರೂಡ್, ಪುಣೆ):
ಒಣಗಿದ ಕೆಪ್ಯಾಸಿಟರು ಮೊದಲು ಕೆಡಿಸುವುದು ಮೇಲ್ಸ್ವರ ನುಡಿಸುವ ಟ್ವೀಟರಿನ ಸ್ವರವನ್ನು. ಇವರ ದೂರು ಕೆಳಸ್ವರದ್ದು. ಕರಾವಳಿಯ ತೇವಕ್ಕೆ, ಕೆಳಸ್ವರ ನುಡಿಸುವ ವೂಫರಿನ ಅಂಚಿನ ಫೋಮ್ ಪುಡಿಯಾಗಿರಬಹುದು, ಬೆರಳಲ್ಲಿ ಒತ್ತಿ ನೋಡಲಿ. ನನ್ನ ಎಲ್‌ಎಸ್3/5ಎ ಜೋಡಿಗೆ ರಬ್ಬರಿನ ಅಂಚಿರುವುದರಿಂದ ಈ ಕಾಟವಿಲ್ಲ. ಬಿಬಿಸಿಯವರು ಹೊರಾಂಗಣ ಪ್ರಸಾರದ ವಾಹನಗಳಿಗೆಂದು ರೂಪಿಸಿದ ಪೆಟ್ಟಿಗೆಯದು. ಸಣ್ಣ ಕೋಣೆಯಲ್ಲಿ ಅದರೆದುರು ಬೇರೆ ಮಾತೇ ಇಲ್ಲ. ನನ್ನದು, ವಿದ್ಯುತ್ ರೋಧದ ಲೆಕ್ಕದಲ್ಲಿ, 15 ಓಮ್‌ನ ಮೂಲ ಆವೃತ್ತಿ ಎಂಬುದನ್ನೂ ತಿಳಿಸಿಬಿಡುತ್ತೇನೆ.

ಬೆಸುಗೆಕೋಲು:
ಎಂಬತ್ತರ ದಶಕದ ಕೊನೆಯಲ್ಲಿ ಬಂದ 11 ಓಮ್‌ನದೇ ಕಿವಿಗೆ ಹಿತ. ಅದೂ ಹೋಗಲಿ, 83 ಡೆಸಿಬೆಲ್ಲನ್ನೂ ಮುಟ್ಟದ ಸೂಕ್ಷ್ಮತೆಯ, ಅಂದರೆ ಕೊಟ್ಟ ಶಕ್ತಿಗೆ ಕಡಿಮೆ ಸದ್ದು ಮಾಡುವ ಪೆಟ್ಟಿಗೆಯನ್ನು ದುರ್ಬಲ ಆಂಪ್ಲಿಫೈಯರಿಗೆ ಕಟ್ಟಿ ಡಗ್ಗಾ ಕೇಳಬೇಕೆಂದರೆ ಹೇಗೆ? ಓಮ್‌ನ ಚರ್ಚೆಗೆ ಬೇರೆಯೇ ಎಳೆ ತೆರೆಯಿರಿ. ಇವರು ಮೊದಲು ಕೆಪ್ಯಾಸಿಟರು ಬದಲಿಸಲಿ.

ಖರ್ಜಪ್ರಿಯ:
ಇಡೀ ಭಾನುವಾರ ಕೂತು ಕೆಪ್ಯಾಸಿಟರುಗಳನ್ನು ಬದಲಿಸಿದೆ. ಹಾರ್ಮೋನಿಯಂ ಇನ್ನೂ ಚೂಪಾಯಿತು, ಡಗ್ಗಾ ಇದ್ದಲ್ಲೇ ಇದೆ. ವೂಫರಿನ ಅಂಚು ರಬ್ಬರಿನದು, ಗಟ್ಟಿಯಾಗಿಯೇ ಇದೆ.

ಮಡಗಾಂವದ ಕಿವಿ:
ಒಂದು ಸ್ಪೀಕರಿನ ತಂತಿ ತಿರುವುಮುರುವಾಗಿದ್ದರೂ ಕೆಳಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಆಂಪ್ಲಿಫೈಯರಿನಿಂದ ತಂತಿಗಳನ್ನು ಬಿಚ್ಚಿ, ಕೆಂಪು ತುದಿಗೆ 1.5 ವೋಲ್ಟಿನ ಬ್ಯಾಟರಿಯ ಧನ ತುದಿಯನ್ನೂ ಕಪ್ಪಿಗೆ ಋಣ ತುದಿಯನ್ನೂ ಕ್ಷಣಕಾಲ ತಾಗಿಸಿರಿ. ಎರಡೂ ವೂಫರುಗಳು ಒಂದೇ ಕಡೆಗೆ ಜಿಗಿಯಬೇಕು. ಇನ್ನೊಂದು ವಿಷಯವನ್ನು ಯಾರೂ ಕೇಳಿಲ್ಲ, ತಾವೂ ಹೇಳಿಲ್ಲ: ಪೆಟ್ಟಿಗೆಗಳು ಎಲ್ಲಿವೆ, ತಾವು ಕುಳಿತುಕೊಳ್ಳುವುದು ಎಲ್ಲಿ?

ಖರ್ಜಪ್ರಿಯ:
ಬ್ಯಾಟರಿಯಿಂದ ನೋಡಿದೆ, ಎರಡೂ ಮುಂದಕ್ಕೇ ಜಿಗಿದವು. ಕೋಣೆ ಹತ್ತಡಿಗೆ ಹತ್ತಡಿ. ಪೆಟ್ಟಿಗೆಗಳು ಒಂದು ಗೋಡೆಗೆ ಒರಗಿವೆ, ಎದುರು ಗೋಡೆಯ ಉದ್ದಕ್ಕೂ ಅಮ್ಮನ ದಿವಾನವಿದೆ. ಹಾಗಾಗಿ ನಾನು ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇದರಲ್ಲಿ ಹೇಳುವಂಥದ್ದೇನಿದೆ ಎಂದುಕೊಂಡಿದ್ದೆ. ಅಮ್ಮನಿಗೆ ಮಾತ್ರ ಡಗ್ಗಾ ಎದೆಗೆ ಗುದ್ದಿದಂತಾಗುತ್ತದಂತೆ, ಶಬ್ದ ತಗ್ಗಿಸು ಎಂದು ದಿನವೂ ರೇಗುತ್ತಾರೆ.

ಮಡಗಾಂವದ ಕಿವಿ:
ಅಮ್ಮನವರ ಮಾತನ್ನು ಮೊದಲ ದಿನವೇ ಬರೆದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ತಮ್ಮ ಕೋಣೆಯ ಉದ್ದ 3.05 ಮೀಟರ್. ವೇಗವನ್ನು ಉದ್ದದ ಇಮ್ಮಡಿಯಿಂದ ಭಾಗಿಸಿದರೆ ಸುಮಾರು 57 ಹರ್ಟ್ಸ್ ಬರುತ್ತದೆ. ಆ ಕಂಪನಕ್ಕೆ ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯೊಂದು ಏಳುತ್ತದೆ, ಗೋಡೆಯ ಬಳಿ ಒತ್ತಡ ಅತಿ ಹೆಚ್ಚು, ನಟ್ಟನಡುವೆ ಬಹುತೇಕ ಸೊನ್ನೆ. ಉದ್ದ ಅಗಲಗಳೆರಡೂ ಒಂದೇ ಆಗಿರುವ ಚೌಕ ಕೋಣೆಯಾದ್ದರಿಂದ ಎರಡು ದಿಕ್ಕಿನ ಕುಳಿಗಳೂ ತಮ್ಮ ಕುರ್ಚಿಯ ಮೇಲೆಯೇ ಕೂಡುತ್ತವೆ. ಹಾರ್ಮೋನಿಯಂನ ಕಪ್ಪು ಒಂದನೇ ಮನೆಯನ್ನು ಶ್ರುತಿಯಾಗಿಟ್ಟರೆ ಖರ್ಜದ ತಂತಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್, ಅದೂ ಆ ಕುಳಿಯ ಅಂಚಿಗೇ ಬರುತ್ತದೆ. ದೊಡ್ಡ ಪೆಟ್ಟಿಗೆ ತಂದರೆ ಅಮ್ಮನವರಿಗೆ ಇನ್ನೂ ಜೋರಾಗಿ ಕೇಳುತ್ತದೆ, ತಮಗೆ ಇಷ್ಟೇ. ಕುರ್ಚಿಯನ್ನು ದಿವಾನದ ಅಂಚಿಗೆ, ಹಿಂಗೋಡೆಯಿಂದ ಮೂರಡಿಗೆ ಸರಿಸಿ ಕೇಳಿರಿ. ಮುಂದೆಂದಾದರೂ ಬೇರೆ ಜೋಡಿ ಕೊಳ್ಳುವುದಾದರೆ, ಗೋಡೆಗೆ ಒರಗಿಸಲೇಬೇಕಾದ ಮನೆಗೆ ಹಿಂಬದಿಯಲ್ಲಿ ತೂತಿರುವ ಪೆಟ್ಟಿಗೆ ಬೇಡ, ಮುಚ್ಚಿದ ಪೆಟ್ಟಿಗೆಯನ್ನೇ ಹುಡುಕಿರಿ.

ಹಳೆಪೆಟ್ಟಿಗೆ:
ನಾನೂ ಅದನ್ನೇ ಹೇಳುತ್ತಿದ್ದೆ. ಎಲ್‌ಎಸ್3/5ಎ ಕೂಡ ಮುಚ್ಚಿದ ಪೆಟ್ಟಿಗೆಯೇ.

ಖರ್ಜಪ್ರಿಯ:
ಕುರ್ಚಿ ಸರಿಸಿದೆ. ಡಗ್ಗಾ ಬಂತು. ಖರ್ಜದ ತಂತಿ ಇನ್ನೂ ಮಂಕಾಗಿದೆಯಾದರೂ ಇದೆಯೆಂದು ಗೊತ್ತಾಗುತ್ತದೆ. ಅಮ್ಮನಿಗೆ ಕಾಲು ಚಾಚಲು ಜಾಗವಿಲ್ಲದಂತಾಗಿ, ಈಗ ದಿವಾನವನ್ನು ಪಕ್ಕದ ಗೋಡೆಗೆ ತಿರುಗಿಸುವ ಮಾತು ನಡೆದಿದೆ. ಸದ್ಯಕ್ಕೆ ಸ್ಪೀಕರುಗಳನ್ನು ಮಾರುವುದಿಲ್ಲ.

ಬೆಸುಗೆಕೋಲು:
ಸಂತೋಷ. ಖರ್ಜ ಮಂಕಾಗಿದೆ ಎಂದಿರಲ್ಲ, ಹಾಕಿದ ಕೆಪ್ಯಾಸಿಟರುಗಳ ಮೌಲ್ಯವನ್ನು ಮೀಟರಿನಲ್ಲಿ ಅಳೆದು ಹಾಕಿದಿರಾ, ಅಥವಾ ಅಂಗಡಿಯವನ ಮಾತನ್ನು ನಂಬಿದಿರಾ?