ಬೈಯೋ ಸೂಪರ್‌ವೈಸರ್ ಲೈನ್‌ನಲ್ಲಿ ಪೀಸ್ ಜಾಸ್ತಿ, ಆಲ್ಟರೂ (ಬಿಚ್ಚಿ ಸರಿಮಾಡ್ಬೇಕಾದ ಪೀಸ್) ಜಾಸ್ತಿ. ಯಾಕೆ?

ಫ್ಲೋರ್‌ಇನ್‌ಚಾರ್ಜ್: ನಮ್ಮ ಗಾರ್ಮೆಂಟ್ಸ್‌ನಲ್ಲಿ ಒಂದೇ ಶರ್ಟ್ ಸ್ಟೈಲ್, ಎರಡು ಹೊಲಿಗೆ ಲೈನ್, ತಲಾ 40 ಟೈಲರ್. ಎ ಲೈನ್ ಸೂಪರ್‌ವೈಸರ್ ದಿನವಿಡೀ ಕೂಗಾಡ್ತಾರೆ, ಗಂಟೆ ಲೆಕ್ಕ ತಪ್ಪಲ್ಲ. ಬಿ ಲೈನ್‌ನವರು ಸಮಾಧಾನಿ, ಪೀಸ್ ಸ್ವಲ್ಪ ಕಮ್ಮಿ. ಆದ್ರೆ ಎಂಡ್‌ಲೈನ್‌ನಲ್ಲಿ (ಲೈನ್ ಕೊನೇಲಿ ಮಾಡೋ ಚೆಕಿಂಗ್) ಎ ಲೈನ್ ಆಲ್ಟರ್ ರಾಶಿ ಬೀಳುತ್ತೆ. ಮ್ಯಾನೇಜರ್‌ಗೆ ಏನಂತ ವಿವರಿಸೋದು?

ಕ್ವಾಲಿಟಿ_ರಾಮನಗರ: ಕಾಲರ್ ಅಟ್ಯಾಚ್ ಮಷಿನ್ ಹತ್ರ ನಿಂತು ನೋಡಿ ಸರ್. ಸೂಜಿ ಮೊಂಡಾಗಿ ಸ್ಟಿಚ್ ಸ್ಕಿಪ್ ಆಗ್ತಿದೆ ಅಂದ್ಕೊಳ್ಳಿ. ಹೇಳಿದ್ರೆ ಮೆಕ್ಯಾನಿಕ್ ಬರೋಕೆ ಹತ್ತು ನಿಮಿಷ, ಆ ಗಂಟೆ ಪೀಸ್ ಕಮ್ಮಿ, ಬೈಗುಳ ಗ್ಯಾರಂಟಿ. ಸುಮ್ನೆ ಹೊಲಿದ್ರೆ ಆ ಹೊತ್ತಿಗೆ ಬಚಾವ್. ಹಂಗಾಗಿ 20 ಪೀಸಿನ ಬಂಡಲ್ ದೋಷ ಹೊತ್ಕೊಂಡೇ ಮುಂದೆ ಹೋಗುತ್ತೆ. ಕಾಲರ್ ಕ್ಲೋಸ್ ಆದ್ಮೇಲೆ ಅದನ್ನ ಬಿಚ್ಚಿ ಹೊಲಿಯೋಕೆ ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತು ಯಾವ ಬೋರ್ಡಲ್ಲೂ ಬರಲ್ಲ! ಎಂಡ್‌ಲೈನ್ ಪಾಸಾದ ಪೀಸ್ ಮಾತ್ರ ಬರೆಸಿ, ಆಮೇಲೆ ಎರಡು ಲೈನ್ ಹೋಲಿಸಿ.

ಐಇ_ಹುಡುಗ: ಟಾರ್ಗೆಟ್ಟೂ ನೋಡಿ. ಸ್ಯಾಮ್ (ಒಂದು ಪೀಸ್ ಹೊಲಿಯೋಕೆ ಲೆಕ್ಕ ಹಾಕಿಟ್ಟ ಹೊತ್ತು) 20 ನಿಮಿಷ ಇದ್ರೆ 40×60÷20, ಅಂದ್ರೆ ಗಂಟೆಗೆ 120. ಅದು 100% ಎಫಿಷಿಯೆನ್ಸಿಗೆ. 60%ಗೆ 72. ಸ್ಟೈಲ್ ಬದಲಾದ ದಿನವೇ 72 ಕೇಳಿದ್ರೆ ಬೈಯೋದು ಬಿಟ್ಟು ಸೂಪರ್‌ವೈಸರ್‌ಗೂ ದಾರಿ ಇರಲ್ಲ. ಮೊದಲ ದಿನ 36, ಆಮೇಲೆ 54, ಹೀಗೆ ಏರಿಸಿ. ಲೆಕ್ಕ ಟೈಲರ್‌ಗಳಿಗೂ ತೋರಿಸಿ. ಮೆಕ್ಯಾನಿಕ್‌ಗೆ ಕಾದಿದ್ದು, ಕರೆಂಟ್ ಹೋಗಿದ್ದು, ಫೀಡಿಂಗ್ (ಹೊಲಿಯೋಕೆ ಬೇಕಾದ ಮಾಲು) ಬರದೇ ಇದ್ದಿದ್ದು ಬೇರೆ ಕಾಲಂನಲ್ಲಿ ಬರೀರಿ. ಕೈ ಎತ್ತಿದ್ರೆ ತನ್ನ ಲೆಕ್ಕ ಕೆಡಲ್ಲ ಅಂತ ಗೊತ್ತಾದ್ಮೇಲೇ ಟೈಲರ್ ಕೈ ಎತ್ತೋದು.

ಹಳೇಚೆಕ್ಕರ್: ಸಮಾಧಾನ ಒಂದಿದ್ರೆ ಸಾಲದು. ಇನ್‌ಲೈನ್‌ನಲ್ಲಿ (ಹೊಲಿಯೋವಾಗ್ಲೇ ಮಷಿನ್ ಹತ್ರ ಮಾಡೋ ಚೆಕಿಂಗ್) 7 ಪೀಸ್ ನೋಡಿ, ದೋಷ ಕಂಡು ಕೆಂಪು ಕಾರ್ಡ್ ಹಾಕಿದ್ಮೇಲೆ, ಟೈಲರ್ ಯಾರೇ ಆಗಿರ್ಲಿ, ಮಷಿನ್ ನಿಲ್ಲಿಸಿ ಬಂಡಲ್ ಪೂರ್ತಿ ನೋಡ್ಲೇಬೇಕು. ಬೇಕಾದವರಿಗೆ ವಿನಾಯ್ತಿ ಕೊಟ್ರೆ ಬೈಯೋದಕ್ಕಿಂತ ಬೇಗ ನಂಬಿಕೆ ಹೋಗುತ್ತೆ. ಎ ಲೈನ್‌ನಲ್ಲಿ ಪೀಸನ್ನ ಬಂಡಲ್ ಮೇಲಿಂದ ತಗೋಬೇಡಿ, ನಡುವಿಂದ ಎಳೀರಿ. ಹೆದರಿದ ಕಡೆ ಚೆನ್ನಾಗಿರೋ ಪೀಸೇ ಮೇಲಿಟ್ಟಿರ್ತಾರೆ.

ಫ್ಲೋರ್‌ಇನ್‌ಚಾರ್ಜ್: ಆದ್ರೆ ಇನ್‌ಲೈನ್ ರಿಜಿಸ್ಟರ್‌ನಲ್ಲಿ ಬಿ ಲೈನ್ ದೋಷವೇ ಜಾಸ್ತಿ ಇದೆಯಲ್ಲ?

ಕ್ವಾಲಿಟಿ_ರಾಮನಗರ: ಇರ್ಲೇಬೇಕು, ಅಲ್ಲಿ ಹೇಳ್ತಾರೆ, ಹಾಗಾಗಿ ಬರೀತಾರೆ. ಆಸ್ಪತ್ರೆ ತಂಡಗಳ ಬಗ್ಗೆ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ: ಒಳ್ಳೆ ಮುಖ್ಯಸ್ಥರಿದ್ದ ತಂಡಗಳಲ್ಲೇ ಔಷಧಿ ತಪ್ಪುಗಳು ಹೆಚ್ಚು ದಾಖಲಾಗಿದ್ವು. ಮ್ಯಾನೇಜರ್‌ಗೆ ಇನ್‌ಲೈನ್ ರಿಜಿಸ್ಟರ್ ಒಂದನ್ನೇ ತೋರಿಸ್ಬೇಡಿ. ಎಂಡ್‌ಲೈನ್ ಡಿಎಚ್‌ಯು (ದೋಷ ÷ ನೋಡಿದ ಪೀಸ್ × 100) ಪಕ್ಕದಲ್ಲಿಟ್ಟು, ಎರಡೂ ಲೈನ್‌ಗೆ ಒಬ್ಬರೇ ಚೆಕ್ಕರ್ ಹಾಕಿ ಒಂದು ವಾರ ಬರೆಸಿ.